ಯಂತ್ರ ಕೆಡುವುದು ಯಾವಾಗ?

ಯಂತ್ರಕ್ಕೆ ವಯಸ್ಸಾದಷ್ಟೂ ಅದು ಕೆಡುವ ಸಂಭವ ಹೆಚ್ಚು. ಆದುದರಿಂದ ಗೊತ್ತಾದ ಅವಧಿಗೊಮ್ಮೆ ಬಿಚ್ಚಿ, ಬಿಡಿಭಾಗಗಳನ್ನು ಬದಲಾಯಿಸಿದರೆ ಅಪಾಯ ತಪ್ಪುತ್ತದೆ. ಕೈಗಾರಿಕಾ ರಂಗ ಬಹುಕಾಲ ನೆಚ್ಚಿಕೊಂಡಿದ್ದ ಸೂತ್ರವಿದು. ಇದನ್ನು ಪ್ರಶ್ನಿಸಿದ್ದು ಸಂಖ್ಯಾಶಾಸ್ತ್ರ.

ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ ಸಂಸ್ಥೆಯ ಸ್ಟ್ಯಾನ್ಲಿ ನೌಲನ್ ಮತ್ತು ಹೊವಾರ್ಡ್ ಹೀಪ್ 1978ರಲ್ಲಿ ತಮ್ಮ ದೇಶದ ರಕ್ಷಣಾ ಇಲಾಖೆಗಾಗಿ ಬರೆದ ವರದಿ ಈ ವಿಷಯದಲ್ಲಿ ಹೆಸರಾದುದು. ವಿಮಾನದ ಬಿಡಿಭಾಗಗಳಲ್ಲಿ ವಯಸ್ಸಾದಂತೆ ಕೆಡುವ ಸಂಭವ ಏರುತ್ತ ಹೋಗುವಂಥವು ಶೇ. 11 ಮಾತ್ರ ಎಂದು ಅದು ತೋರಿಸಿತು. ಶೇ. 68ರಷ್ಟು ಭಾಗಗಳಿಗೆ ಹೆಚ್ಚಿನ ಅಪಾಯವಿದ್ದುದು ಹೊಸದಾಗಿ ಜೋಡಿಸಿದ ಆರಂಭದಲ್ಲಿ! ಅಂಥ ಭಾಗವನ್ನು ವಿನಾಕಾರಣ ಬದಲಾಯಿಸಿದರೆ ಹೋದ ಅಪಾಯವನ್ನು ಮರಳಿ ಕರೆದಂತೆ. ಹಳೆಯ ಪದ್ಧತಿಯ ಡಿಸಿ–8 ವಿಮಾನದಲ್ಲಿ ಅವಧಿಗೊಮ್ಮೆ ಬಿಚ್ಚಿ ದುರಸ್ತಿಗೊಳಿಸಬೇಕಾದ ಭಾಗಗಳು 339. ಹೊಸ ವಿಚಾರಕ್ರಮದ ಡಿಸಿ–10ರಲ್ಲಿ ಕೇವಲ 7.

ಈ ಪ್ರಮಾಣಗಳು ವಿಮಾನಗಳವು. ಧೂಳು, ಶಾಖ, ತೇವದ ನಡುವೆ ದುಡಿಯುವ ಕಾರ್ಖಾನೆ ತನ್ನ ಲೆಕ್ಕವನ್ನು ತಾನೇ ಇಡಬೇಕು. ಅದರಲ್ಲಿ ಎಡವುವುದು ಸುಲಭ. ಐದು ಪಂಪುಗಳಿವೆ ಎಂದುಕೊಳ್ಳೋಣ. ಒಂದು 2,000 ಗಂಟೆಗೆ, ಮತ್ತೊಂದು 4,000 ಗಂಟೆಗೆ ಕೆಟ್ಟು ನಿಂತಿತು. ಉಳಿದ ಮೂರು ತಲಾ 8,000 ಗಂಟೆ ದುಡಿದು ಇನ್ನೂ ಓಡುತ್ತಿವೆ. ಕೆಟ್ಟವುಗಳನ್ನಷ್ಟೇ ಎಣಿಸಿದರೆ ಸರಾಸರಿ 3,000 ಗಂಟೆ. ಆದರೆ ಐದೂ ಪಂಪುಗಳ ಒಟ್ಟು ದುಡಿಮೆ 30,000 ಗಂಟೆ, ಕೆಟ್ಟದ್ದು ಎರಡು ಬಾರಿ. ಅಂದರೆ 15,000 ಗಂಟೆಗೊಮ್ಮೆ. ಕೆಡದೆ ಉಳಿದವೂ ಸಾಕ್ಷಿ ನುಡಿಯುತ್ತವೆ.

ಹಾಗೆಂದು ಪ್ರತಿ ಪಂಪೂ 15,000 ಗಂಟೆ ಬಾಳುತ್ತದೆಂದಲ್ಲ. ಕೆಡುವ ಸಂಭವ ಸದಾ ಒಂದೇ ಸಮನಾಗಿದ್ದರೆ, ನೂರರಲ್ಲಿ ಸುಮಾರು 37 ಮಾತ್ರ ಸರಾಸರಿಯನ್ನು ಮುಟ್ಟುತ್ತವೆ. ಸಂಭವ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ತಿಳಿಯಲು ಸ್ವೀಡನ್ನಿನ ವಾಲೋಡಿ ವೈಬುಲ್ 1951ರ ಲೇಖನದಲ್ಲಿ ವಿವರಿಸಿದ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಅದರ ಒಂದು ಸಂಖ್ಯೆ 1ಕ್ಕಿಂತ ಕಡಿಮೆ ಬಂದರೆ ಆರಂಭದ ದೋಷ, 1 ಬಂದರೆ ಆಕಸ್ಮಿಕ, ಹೆಚ್ಚು ಬಂದರೆ ಸವೆತ. ಅವಧಿಗೆ ಮೊದಲೇ ಭಾಗ ಬದಲಾಯಿಸುವುದು ಫಲ ಕೊಡುವುದು ಸವೆತವಿದ್ದಾಗ ಮಾತ್ರ.

ಇಷ್ಟಕ್ಕೂ ಆಧಾರ ಪಾಳಿಯ ಕೆಲಸಗಾರ ಬರೆದಿಡುವ ದಾಖಲೆ. “ಕೆಟ್ಟಿತು, ಸರಿಪಡಿಸಲಾಯಿತು” ಎಂದಷ್ಟೇ ಬರೆದರೆ ಯಾವ ಸೂತ್ರವೂ ನೆರವಾಗದು. ಎಷ್ಟು ಗಂಟೆಗೆ, ಯಾವ ಭಾಗ, ಯಾವ ಕಾರಣಕ್ಕೆ ಎಂಬ ಮೂರು ಮಾತು ಸೇರಿದರೆ, ಹತ್ತನೆಯ ತರಗತಿಯ ಸರಾಸರಿ, ಸಂಭವನೀಯತೆಯ ಪಾಠಗಳೇ ಮುಂದೆ ಯಂತ್ರದ ಬಳಿ ನಿಂತವರ ಜೀವ ಕಾಯಬಲ್ಲವು.