ರೈಫಲ್ ಕೊಳ್ಳುವ ಮುನ್ನ ಬೋಲ್ಟ್ ನೋಡಿ

ಶಿಗ್ಲಿ, ಲಕ್ಷ್ಮೇಶ್ವರ, ಶಿರಹಟ್ಟಿ ಕಡೆ ರೈಫಲ್ ಲೈಸೆನ್ಸ್ ಸಿಕ್ಕವರು ಅಂಗಡಿಯಲ್ಲಿ ಮೊದಲು ನೋಡುವುದು ನಳಿಗೆಯ ಉದ್ದ, ಮರದ ಹೊಳಪು. ಆದರೆ ಬಂದೂಕಿನ ಜೀವ ಇರುವುದು ಇವೆರಡರ ನಡುವಿನ ಉಕ್ಕಿನಲ್ಲಿ. ಅದೇ ಆಕ್ಷನ್. ತೋಟಾವನ್ನು ನಳಿಗೆಯೊಳಗೆ ತಳ್ಳುವುದು, ಸಿಡಿಯುವಾಗ ಹಿಂಬದಿಯನ್ನು ಭದ್ರವಾಗಿ ಮುಚ್ಚಿ ಹಿಡಿಯುವುದು, ಖಾಲಿ ತೋಟಾವನ್ನು ಹೊರಗೆಸೆಯುವುದು ಎಲ್ಲ ಅದರದೇ ಕೆಲಸ. ಅದು ಕೈಕೊಟ್ಟರೆ ಅಪಾಯ ಹೊಡೆಯುವವನ ಮುಖಕ್ಕೇ.

ಆಕ್ಷನ್ನಿನ ಮುಖ್ಯ ಭಾಗವಾದ ಬೋಲ್ಟ್ ಎಂದರೆ ಬಾಗಿಲಿನ ಅಗುಳಿ ಇದ್ದಂತೆ. ಮುಂದೆ ತಳ್ಳಿ ಕೆಳಗೆ ತಿರುವಿದರೆ ಅದರ ಉಕ್ಕಿನ ಉಬ್ಬುಗಳು ಚೌಕಟ್ಟಿನ, ಅಂದರೆ ರಿಸೀವರ್‌ನ, ಕಚ್ಚುಗಳಲ್ಲಿ ಕೂರುತ್ತವೆ. ಆ ಉಬ್ಬು ಎಲ್ಲಿದೆ ಎಂಬುದೇ ಮೊದಲ ಪ್ರಶ್ನೆ.

ನಮ್ಮ ದೇಶದ ಇಶಾಪುರ ರೈಫಲ್ ಕಾರ್ಖಾನೆಯ .315 ರೈಫಲ್, ಬ್ರಿಟಿಷರ ಲೀ-ಎನ್‌ಫೀಲ್ಡ್ ರೈಫಲಿನ ವಂಶದ್ದು. ಸೈನ್ಯದ .303 ತೋಟಾ ಜನಸಾಮಾನ್ಯರಿಗೆ ನಿಷಿದ್ಧವಾಗಿದ್ದರಿಂದ ಈ ಅಳತೆ ಬಳಕೆಗೆ ಬಂತು. ಇದರಲ್ಲಿ ಉಬ್ಬುಗಳು ಬೋಲ್ಟಿನ ಹಿಂಭಾಗದಲ್ಲಿವೆ. ಹಿಡಿಕೆಯನ್ನು ಸುಮಾರು 60 ಡಿಗ್ರಿ ಎತ್ತಿದರೆ ಸಾಕು, ಕೈ ಚುರುಕಾಗಿ ಓಡುತ್ತದೆ. ಧೂಳು ಹೊಕ್ಕರೂ ಸುಲಭಕ್ಕೆ ಸಿಕ್ಕಿಕೊಳ್ಳದು. ಆದರೆ ಸಿಡಿದಾಗ ಇಡೀ ಬೋಲ್ಟೇ ಒತ್ತಡಕ್ಕೆ ಕೂದಲೆಳೆಯಷ್ಟು ಕುಗ್ಗುತ್ತದೆ. .315ರ ಸೌಮ್ಯ ತೋಟಾಕ್ಕೆ ಇದು ತೊಂದರೆಯಲ್ಲ. ಹೆಚ್ಚು ಒತ್ತಡದ ತೋಟಾಕ್ಕೆ 1898ರ ಜರ್ಮನ್ ಮೌಸರ್ ಮಾದರಿಯೇ ಮೇಲು: ಉಬ್ಬುಗಳು ಮುಂದೆ, ತೋಟಾದ ಬೆನ್ನಿಗೇ ಇವೆ, ಮುರಿದರೂ ತಡೆಯಲೆಂದು ಹಿಂದೆ ಮೂರನೆಯದೊಂದಿದೆ. ಅದರ ಅಗಲ ಕೊಕ್ಕೆ, ತೋಟಾ ಮ್ಯಾಗಜಿನ್ ಬಿಟ್ಟೇಳುವಾಗಲೇ ಹಿಡಿದುಕೊಳ್ಳುತ್ತದೆ. ಗಾಬರಿಯಲ್ಲಿ ಬೋಲ್ಟನ್ನು ಅರ್ಧಕ್ಕೇ ಎಳೆದರೂ ಎರಡು ತೋಟಾ ಒಂದರ ಮೇಲೊಂದು ಸಿಗಿಬೀಳುವುದಿಲ್ಲ. 1962ರಲ್ಲಿ ಬಂದ ರೆಮಿಂಗ್ಟನ್ 700ರಲ್ಲಿ ಈ ಹಿಡಿತವಿಲ್ಲ, ಬೋಲ್ಟ್ ಬರೀ ತಳ್ಳುತ್ತದೆ. ಅದರ ದುಂಡು ಚೌಕಟ್ಟನ್ನು ನೇರವಾಗಿ ಕೂಡಿಸುವುದು ಸುಲಭವಾದ್ದರಿಂದ ಗುರಿಸ್ಪರ್ಧೆಯವರಿಗೆ ಪ್ರಿಯ. ಹೊಲದ ಕೆಲಸಕ್ಕೆ ನನ್ನ ಮತ ಕೊಕ್ಕೆಗೇ.

ಅಮೆರಿಕದಲ್ಲಿ ಆಕ್ಷನ್ ಬೇರೆ, ನಳಿಗೆ ಬೇರೆ ತಂದು ಮನೆಯಲ್ಲೇ ಜೋಡಿಸುವವರಿದ್ದಾರೆ. ಇಲ್ಲಿ ಹಾಗೆ ಮಾಡಿದರೆ ಅಪರಾಧ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ತಯಾರಿಕೆ, ಪರಿವರ್ತನೆ, ದುರಸ್ತಿಗೆ ಬೇರೆಯೇ ಲೈಸೆನ್ಸ್ ಬೇಕು. ಬಂದೂಕಿನ ಲೈಸೆನ್ಸ್ ಇದ್ದ ಮಾತ್ರಕ್ಕೆ ಹೊಲಕ್ಕೆ ನುಗ್ಗುವ ಕಾಡುಹಂದಿಯನ್ನೂ ಹೊಡೆಯುವಂತಿಲ್ಲ. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು.

ಮನೆಯಲ್ಲಿ ಜೋಡಿಸುವಂತಿಲ್ಲವಾದ್ದರಿಂದ ನಮ್ಮ ಪಾಲಿಗೆ ಆಯ್ಕೆ ಎಂದರೆ ಸಿದ್ಧ ರೈಫಲನ್ನು ಪರೀಕ್ಷಿಸಿ ಕೊಳ್ಳುವುದು. ಹಳೆಯದಾದರೆ ಬೋಲ್ಟಿನ ಸಂಖ್ಯೆ, ಚೌಕಟ್ಟಿನ ಸಂಖ್ಯೆ ಒಂದೇ ಇರಬೇಕು. ಬೇರೆ ಬಂದೂಕಿನ ಬೋಲ್ಟ್ ಕೂಡಿಸಿದ್ದರೆ ತೋಟಾದ ಹಿಂದೆ ಸಂದು ಹೆಚ್ಚಾಗಿ ಅದರ ಹಿತ್ತಾಳೆ ಕವಚ ಸೀಳಬಹುದು. ಉಬ್ಬುಗಳೆಲ್ಲ ಸಮನಾಗಿ ಸವೆದಿವೆಯೇ ನೋಡಿ. ಒಂದೇ ಹೊಳೆಯುತ್ತಿದ್ದರೆ ಭಾರವೆಲ್ಲ ಅದರ ಮೇಲೇ ಬೀಳುತ್ತಿದೆ. ಸಂದಿನ ಅಳತೆಯನ್ನು ಲೈಸೆನ್ಸ್ ಇರುವ ಬಂದೂಕು ಕುಶಲಕರ್ಮಿಯಿಂದ ಗೇಜ್ ಹಾಕಿಸಿ ನೋಡಿದ ಮೇಲೆಯೇ ಹಣ ಕೊಡಿ.