ಗುಡ್ಡ ಕುಸಿದರೆ ಚೆಕ್, ಗೇಣಿದಾರ ಎದ್ದರೆ ಕಾಯ್ದೆ

2024ರ ಜುಲೈ 16ರ ಬೆಳಿಗ್ಗೆ ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜಾರಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿತ್ತು. ರಸ್ತೆ ಬದಿಯ ಚಹಾದಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ಅಲ್ಲಿ ನಿಂತಿದ್ದ ವಾಹನಗಳು ಗಂಗಾವಳಿ ನದಿಯ ಪಾಲಾದವು. ಮಣ್ಣು ಬಿದ್ದ ರಭಸಕ್ಕೆ ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳನ್ನೂ ಕೆಡವಿತು. ಸತ್ತವರು, ಕಾಣೆಯಾದವರು ಸೇರಿ 11 ಜನ. ಕೇರಳದ ಚಾಲಕರೊಬ್ಬರ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ, ಗೋವಾದಿಂದ ಡ್ರೆಜರ್ ತರಿಸಿದ ಮೇಲೆ.

ಮೃತರ ಕುಟುಂಬಕ್ಕೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಕೇರಳ ಸರ್ಕಾರ ತನ್ನ ಚಾಲಕನ ಪತ್ನಿಗೆ ನಿಯಮ ಸಡಿಲಿಸಿ ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಕೊಟ್ಟಿತು. ಅಲ್ಲಿಯಷ್ಟು ಮನಸ್ಸು ಇಲ್ಲೇಕಿಲ್ಲ ಎಂದು ಕೇಳುವುದು ಸಹಜ. ಆದರೆ ಎರಡೂ ಒಂದೇ ಜಾತಿಯವು. ಐದು ಲಕ್ಷವಾಗಲಿ, ಆ ನೌಕರಿಯಾಗಲಿ, ಮುಂದಿನ ಗುಡ್ಡದ ಕೆಳಗೆ ಸಿಕ್ಕುವವರಿಗೆ ಹಕ್ಕಾಗಿ ಉಳಿಯುವಂಥವಲ್ಲ.

ಸಂಕಟ ಬಂದಾಗ ಸರ್ಕಾರ ಕರಗುತ್ತದೆ, ನಿಜ. ಅಮೆರಿಕದ ಸಾಮಾಜಿಕ ಭದ್ರತಾ ಕಾಯ್ದೆ ಬಂದದ್ದು 1935ರಲ್ಲಿ, ಮಹಾ ಆರ್ಥಿಕ ಕುಸಿತದ ಹೊಡೆತಕ್ಕೆ. ಬ್ರಿಟನ್ನಿನಲ್ಲಿ ಸಾಮಾಜಿಕ ವಿಮೆ ಕುರಿತ ಬೆವರಿಜ್ ವರದಿ ಬಂದದ್ದು 1942ರಲ್ಲಿ, ಯುದ್ಧದ ನಡುವೆ. ಅಷ್ಟು ದೂರವೇಕೆ, ಮಹಾರಾಷ್ಟ್ರದ ಉದ್ಯೋಗ ಖಾತರಿ ಯೋಜನೆ ಬೇರೂರಿದ್ದು 1972ರ ಬರದಲ್ಲಿ. 2005ರ ನರೇಗಾ ಅದರದೇ ಸಂತಾನ. ಆದರೆ ಬರ ಬರುವ ಏಳು ವರ್ಷ ಮೊದಲೇ, 1965ರಲ್ಲಿ, ಅಲ್ಲಿನ ರಾಜಕಾರಣಿ ವಿ.ಎಸ್. ಪಾಗೆಯವರು ಸಾಂಗ್ಲಿ ಜಿಲ್ಲೆಯ ತಾಸಗಾಂವದ ಕಡೆ ಆ ಯೋಜನೆಯನ್ನು ಸಣ್ಣದಾಗಿ ನಡೆಸಿ ನೋಡಿದ್ದರು. ಬರ ಬಂದಾಗ ಕಾಗದ ಸಿದ್ಧವಿತ್ತು. ನನ್ನ ವಾದ ಇಷ್ಟೇ: ಸಂಕಟ ಬರೀ ಬಾಗಿಲು ತೆರೆಯುತ್ತದೆ, ಒಳಗೆ ಹೋಗಬೇಕಾದದ್ದು ಮೊದಲೇ ಬರೆದಿಟ್ಟ ಬೇಡಿಕೆ.

ಇದನ್ನು ಅಂಕೋಲೆಗೆ ಹೊರಗಿನವರು ಕಲಿಸಬೇಕಾಗಿಲ್ಲ. 1930ರ ಏಪ್ರಿಲ್ 13ರಂದು ಇಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಆಮೇಲೆ ಕರ ನಿರಾಕರಣೆ. ಭತ್ತದ ಬೆಲೆ ನೆಲಕಚ್ಚಿದ್ದ ಕಾಲ ಅದು. ಕರ ಕೊಡದವರ ಭೂಮಿ ಜಪ್ತಿಯಾಯಿತು, ಪಾತ್ರೆಪಗಡೆ ಹರಾಜಾಯಿತು. 1937ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಕಾಂಗ್ರೆಸ್ ಸರ್ಕಾರ ಬಂದ ಮೇಲೆ ಜಪ್ತಿಯಾದ ಭೂಮಿ ಮರಳಿಸುವ ಕೆಲಸ ನಡೆಯಿತು. ಯಾರಿಗೆ? ಪತ್ರದಲ್ಲಿ ಹೆಸರಿದ್ದವರಿಗೆ. ಆ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ ಹಾಲಕ್ಕಿ ಸಮುದಾಯದವನ ಹೆಸರು ಯಾವ ಪತ್ರದಲ್ಲೂ ಇರಲಿಲ್ಲ.

ದಿನಕರ ದೇಸಾಯಿ ಕೆಲಸ ಶುರುಮಾಡಿದ್ದು ಈ ಜಾಗದಲ್ಲಿ. ಇಂದಿನವರಿಗೆ ಅವರು ಚುಟುಕಗಳ ಕವಿ. ಹಳಬರಿಗೆ ಗೇಣಿದಾರರನ್ನು ಕಟ್ಟಿದ ಮನುಷ್ಯ. ಭಾರತ ಸೇವಕ ಸಮಾಜದ ಸದಸ್ಯರಾಗಿ ಮುಂಬಯಿಯಲ್ಲಿ ಹಡಗು ಕಾರ್ಮಿಕರ ನಡುವೆ ದುಡಿದ ಅವರಿಗೆ ಸಂಘಟನೆ ಎಂದರೆ ಲೆಕ್ಕಪತ್ರ, ಬೇಡಿಕೆ ಪಟ್ಟಿ, ಕಾನೂನು ಎಂದು ಗೊತ್ತಿತ್ತು. 1938ರಿಂದ ಅಂಕೋಲಾ, ಕಾರವಾರ ಸುತ್ತಮುತ್ತ ರೈತ ಕೂಟಗಳು ಎದ್ದವು. 1940ರಲ್ಲಿ ಸರ್ಕಾರ ದೇಸಾಯಿಯವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿತು. ಐದು ವರ್ಷ ಒಳಗೆ ಕಾಲಿಡುವಂತಿರಲಿಲ್ಲ. ಅಷ್ಟರಲ್ಲಿ 1939ರ ಮುಂಬಯಿ ಗೇಣಿ ಕಾಯ್ದೆ ಬಂದಿತ್ತು, 1948ರಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಬಂತು. 1953ರಲ್ಲಿ ಅವರು ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಗಳಲ್ಲಿ ಶಾಲೆ ತೆರೆದರು. ಪತ್ರ ಓದಲು ಬಾರದವನ ಕೈಯಲ್ಲಿ ಕಾಯ್ದೆ ಉಳಿಯುವುದಿಲ್ಲವಷ್ಟೆ. 1974ರ ಮಾರ್ಚ್ 1ರಿಂದ ದೇವರಾಜ ಅರಸರ ಭೂಸುಧಾರಣಾ ತಿದ್ದುಪಡಿ ಜಾರಿಯಾದಾಗ ಗೇಣಿ ಭೂಮಿಯ ಹಕ್ಕು ಕೋರುವ ನಮೂನೆ 7 ತುಂಬಿ ನ್ಯಾಯಮಂಡಳಿಯ ಮುಂದೆ ನಿಲ್ಲುವ ಧೈರ್ಯ ಈ ಜಿಲ್ಲೆಯ ಗೇಣಿದಾರನಿಗೆ ಎಲ್ಲಿಂದ ಬಂತೆಂದು ಬೇರೆ ಹೇಳಬೇಕೆ?

ಕಾರವಾರದ ನೌಕಾನೆಲೆ ಯೋಜನೆ ಸೀಬರ್ಡ್‌ನ ಕಥೆ ಇದಕ್ಕೆ ತದ್ವಿರುದ್ಧ. 1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿ ನೌಕಾನೆಲೆಗೆ ಅಡಿಗಲ್ಲು ಹಾಕಿದರು. ಅರ್ಗಾದಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿದ್ದು 2005ರಲ್ಲಿ. ಕಾರವಾರ, ಅಂಕೋಲಾ ತಾಲ್ಲೂಕುಗಳ 4,000ಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟವು. ಸ್ವಾಧೀನ ನಡೆದದ್ದು 1894ರ ಕಾಯ್ದೆಯಡಿ, ಅದರಲ್ಲಿ ಪುನರ್ವಸತಿ ಹಕ್ಕೇ ಆಗಿರಲಿಲ್ಲ. ಗುಂಟೆಗಿಷ್ಟು ಎಂಬ ದರ ಸಾಲದೆಂದು ಕೆಲವರು ಕೋರ್ಟಿಗೆ ಹೋದರು, ಗೆದ್ದರು. ಹೋಗದವರೂ ಸೆಕ್ಷನ್ 28ಎ ಹಿಡಿದು ಅದೇ ದರ ಕೇಳಬಹುದಿತ್ತು, ಆದರೆ ತೀರ್ಪು ಬಂದ ಮೂರು ತಿಂಗಳೊಳಗೆ ಅರ್ಜಿ ಹಾಕಿದರೆ ಮಾತ್ರ. ಬಲೆ, ದೋಣಿ ಬಿಟ್ಟು ಬೇರೆ ಗೊತ್ತಿಲ್ಲದವನಿಗೆ ಮೂರು ತಿಂಗಳ ವಾಯಿದೆ! ಭೂಮಿಯೇ ಇಲ್ಲದೆ ಸಮುದ್ರ ನಂಬಿದ್ದವನ ಮಾತಂತೂ ದೂರ. ಅಂಥವನ ಜೀವನೋಪಾಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಕಾಯ್ದೆ 2013ರಲ್ಲಿ ಬಂತು. ಅದರ ಹಿಂದೆ ನರ್ಮದೆ, ಸಿಂಗೂರು, ನಂದಿಗ್ರಾಮಗಳ ಹೋರಾಟವಿತ್ತು. ನಮ್ಮ ನಿರಾಶ್ರಿತರಿಗೆ ಅದು ಕೈಗೆ ಸಿಗದಷ್ಟು ತಡ.

ಇನ್ನೊಂದು ಶಿರೂರು ಇದೆ, ಉಡುಪಿ ಜಿಲ್ಲೆಯ ಬೈಂದೂರಿನದು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಅಲ್ಲಿನ ಟೋಲ್ ಗೇಟಿಗೆ ಬಡಿದು ನಾಲ್ವರು ಸತ್ತರು. ನಮ್ಮ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಮೊಬೈಲುಗಳಲ್ಲಿ ಭುಗಿಲೆದ್ದಿತು. ಕಾರವಾರದಲ್ಲಿ 2016ರಿಂದ ವೈದ್ಯಕೀಯ ಕಾಲೇಜು ಇದ್ದರೂ ಗಂಭೀರ ರೋಗಿ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾದ ಬಾಂಬೋಲಿಗೋ ಓಡುವುದು ತಪ್ಪಿರಲಿಲ್ಲ. ಆಶ್ವಾಸನೆ ಸಿಕ್ಕಿತು, ನಂತರ ಚರ್ಚೆ ಹೊರಳಿದ್ದು ಆಸ್ಪತ್ರೆಯನ್ನು ಯಾವ ಊರಿನಲ್ಲಿ ಕಟ್ಟಬೇಕೆಂಬ ಜಗಳಕ್ಕೆ. ರಾಜಕಾರಣಿಗಳನ್ನಷ್ಟೇ ದೂರಿ ಫಲವಿಲ್ಲ. ಎಷ್ಟು ತಜ್ಞರು, ಎಷ್ಟು ಹಾಸಿಗೆ, ಯಾವ ದಿನಾಂಕದೊಳಗೆ ಎಂಬ ಪಟ್ಟಿಯನ್ನು ನಾವು ಎಷ್ಟು ಜೋರಾಗಿ ಮುಂದಿಟ್ಟೆವು?

ಅಂಕೋಲೆಯ ಶಿರೂರಿನಲ್ಲಿ ಶೋಧ ಮುಗಿಯುವವರೆಗೂ ಇಬ್ಬರ ದೇಹ ಸಿಗಲಿಲ್ಲ. ಕಾಣೆಯಾದವರನ್ನು ಸತ್ತರೆಂದು ಭಾವಿಸಲು ಕಾನೂನು ಕೇಳುವುದು ಏಳು ವರ್ಷ. 2013ರ ಉತ್ತರಾಖಂಡ ಪ್ರವಾಹದ ನಂತರ ಈ ಗಡುವನ್ನು ದಾಟುವ ವಿಶೇಷ ಕ್ರಮ ಮಾಡಿದ ಉದಾಹರಣೆ ನಮ್ಮ ಮುಂದಿದೆ. ಪ್ರತಿ ಸಲವೂ ಹೊಸದಾಗಿ ಆದೇಶ ಬೇಡುವ ಬದಲು ಅದೇ ಇಲ್ಲಿ ಕಾಯಂ ನಿಯಮವಾಗಬೇಕು. ಗುಡ್ಡ ಕಡಿದು ರಸ್ತೆ ಮಾಡಿದ ಕಡೆ ಯಾವ ಇಳಿಜಾರು ಅಪಾಯದ್ದು ಎಂಬ ನಕ್ಷೆ ಪಂಚಾಯಿತಿ ಗೋಡೆಯ ಮೇಲೆ ಕಾಣಬೇಕು, ಅದರ ಕೆಳಗೆ ಅಂಗಡಿ ಇಟ್ಟವನಿಗೆ ಮಳೆಗಾಲಕ್ಕೆ ಮುಂಚೆಯೇ ಬೇರೆ ಜಾಗ ಸಿಗಬೇಕು. ಕಾರವಾರ, ಅಂಕೋಲಾ ಓದುಗರೇ, ಮುಂದಿನ ಗ್ರಾಮಸಭೆಗೆ ಹೋಗಿ. ಈ ಮೂರನ್ನೂ ಠರಾವು ಪುಸ್ತಕದಲ್ಲಿ ಬರೆಸಿ, ಪ್ರತಿ ಕೇಳಿ ಪಡೆದುಕೊಳ್ಳಿ.