ಮೀನಿನ ತೊಟ್ಟಿಗೂ ಬೇಕು ಒಂದು ಹಿತ್ತಲು

'ಫೈಂಡಿಂಗ್ ನೀಮೊ' ಸಿನಿಮಾ ಬಂದದ್ದು 2003ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಎಷ್ಟು ಮನೆಗಳ ಹಾಲ್‌ಗೆ ಉಪ್ಪುನೀರಿನ ಅಕ್ವೇರಿಯಂ ಬಂದಿದೆಯೋ! ಮಕ್ಕಳು ಹಟ ಮಾಡ್ತಾರೆ, ಯಜಮಾನರು ತಂದು ಇಡ್ತಾರೆ. ಮೊದಲ ತಿಂಗಳು ಎಲ್ಲರೂ ಮುಂದೆ ಕೂತು ನೋಡಿದ್ದೇ ನೋಡಿದ್ದು. ಆಮೇಲೆ ಊಟ ಹಾಕುವ ಕೆಲಸ ಯಾರ ಪಾಲಿಗೆ ಬರುತ್ತೆ ಅಂತ ನಿಮಗೆ ಬಿಡಿಸಿ ಹೇಳಬೇಕೇ?

ನಮ್ಮ ಮನೆಯಲ್ಲೂ ಹಾಗೇ ಆಯ್ತು. ಡಬ್ಬಿಯ ಒಣ ಆಹಾರವನ್ನು ದಿನಕ್ಕೆರಡು ಸಲ ತಪ್ಪದೆ ಹಾಕ್ತಿದ್ದೆ. ಆದರೂ ಟ್ಯಾಂಗ್ ಜಾತಿಯ ಮೀನೊಂದು ದಿನೇ ದಿನೇ ಸೊರಗುತ್ತಾ ಬಂತು. ಹೊಟ್ಟೆ ಒಳಕ್ಕೆ ಹೋಯ್ತು, ಬೆನ್ನು ಕತ್ತಿಯ ಅಂಚಿನಂತಾಯ್ತು. ಒಂದು ಬೆಳಗ್ಗೆ ಎದ್ದು ನೋಡಿದರೆ ತೇಲುತ್ತಿತ್ತು. ಮಗಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ತಪ್ಪು ಎಲ್ಲಿ ಆಯ್ತು ಅಂತ ಆಮೇಲೆ ತಿಳೀತು. ಟ್ಯಾಂಗ್, ರ್‍ಯಾಬಿಟ್ ಫಿಶ್‌ನಂಥ ಮೀನುಗಳು ಸಮುದ್ರದಲ್ಲಿ ದಿನವಿಡೀ ಬಂಡೆಯ ಮೇಲಿನ ಪಾಚಿ ಮೇಯುತ್ತಲೇ ಇರುತ್ತವೆ. ಅವಕ್ಕೆ ಬರೀ ಡಬ್ಬಿಯ ಚೂರು ಕೊಡುವುದೆಂದರೆ ಹಸುವಿಗೆ ಎರಡು ಹೊತ್ತು ಬಿಸ್ಕತ್ತು ಕೊಟ್ಟ ಹಾಗೆ. ಪಾಲಕ್ ಬೇಯಿಸಿ ಕೊಡಿ ಅಂತಾರೆ. ತಿನ್ನುತ್ತವೆ, ಆದರೆ ಕಡಲ ಪಾಚಿಯ ಸತ್ವ ಅದರಲ್ಲಿಲ್ಲ. ಉಪ್ಪು ಮಸಾಲೆ ಹಾಕದ ನೋರಿ ಹಾಳೆ ಪರವಾಗಿಲ್ಲ. ಎಲ್ಲಕ್ಕಿಂತ ಒಳ್ಳೆಯದು ತಾಜಾ ಪಾಚಿ. ಅದನ್ನು ಮೈಸೂರಿನಲ್ಲೇ ಮನೆಯ ಮೂಲೆಯಲ್ಲಿ ಬೆಳೆಸಬಹುದು!

ಪಾಚಿ ಅಂದ ಕೂಡಲೇ ಮೂಗು ಮುರಿಯಬೇಡಿ. ಪುಡ್ಡಿಂಗ್‌ಗೆ ಹಾಕುವ ಚೈನಾ ಗ್ರಾಸ್ ಕೂಡ ಕೆಂಪು ಕಡಲ ಪಾಚಿಯಿಂದಲೇ ಆಗೋದು. ಅದರಲ್ಲಿ ಗ್ರಾಸಿಲೇರಿಯಾ ಎಂಬ ಜಾತಿಯನ್ನು ಟ್ಯಾಂಗ್‌ಗಳು ಆಸೆಪಟ್ಟು ತಿನ್ನುತ್ತವೆ. ಲೆಟ್ಯೂಸ್ ಎಲೆಯಂತಿರುವ ಹಸಿರು ಉಲ್ವಾ ಕೂಡ ಇಷ್ಟ. ಪಾತ್ರೆ ಉಜ್ಜುವ ನಾರಿನಂತೆ ಸಿಕ್ಕುಸಿಕ್ಕಾಗಿರುವ ಕೀಟೋಮಾರ್ಫಾ ನೀರು ಶುದ್ಧ ಮಾಡುವುದರಲ್ಲಿ ಗಟ್ಟಿಗ, ಆದರೆ ಅನೇಕ ಮೀನುಗಳು ಅದನ್ನು ಮುಟ್ಟುವುದಿಲ್ಲ.

ಈಗ ಮುಖ್ಯ ವಿಷಯ. ತೊಟ್ಟಿಯಿಂದ ವಾರಕ್ಕೆ ಹತ್ತನೇ ಒಂದು ಭಾಗ ನೀರು ತೆಗೆದು ಹೊಸದು ಹಾಕ್ತೀವಲ್ಲ, ಆ ಹಳೇ ನೀರನ್ನು ಚೆಲ್ಲಬೇಡಿ. ಮೀನಿನ ಹೊಲಸಿನಿಂದ ಬಂದ ನೈಟ್ರೇಟ್, ಫಾಸ್ಫೇಟ್ ಅದರಲ್ಲಿರುತ್ತೆ. ಪಾಚಿಗೆ ಅದೇ ಗೊಬ್ಬರ. ಅಕ್ಕಿ ತೊಳೆದ ನೀರನ್ನು ಕರಿಬೇವಿನ ಬುಡಕ್ಕೆ ಹಾಕೋದಿಲ್ವೇ, ಹಾಗೆಯೇ ಇದು. 15-20 ಲೀಟರ್ ಹಿಡಿಯುವ ಗಾಜಿನ ತೊಟ್ಟಿ ಅಥವಾ ಬಿಳೀ ಪ್ಲಾಸ್ಟಿಕ್ ಟಬ್ ಸಾಕು. ಅದಕ್ಕೆ ಈ ನೀರು ತುಂಬಿ, ಗಾಳಿ ಪಂಪ್ ಹಾಕಿ, ಒಂದು ಹಿಡಿ ಪಾಚಿ ಬಿಡಿ. ಮೇಲೆ 6500 ಕೆಲ್ವಿನ್ ಎಂದು ಬರೆದಿರುವ ಬಿಳೀ ಎಲ್‌ಇಡಿ ಬಲ್ಬು, ದಿನಕ್ಕೆ ಸುಮಾರು 12 ಗಂಟೆ. ವೈರನ್ನು ಪ್ಲಗ್‌ಗಿಂತ ಕೆಳಗೆ ಇಳಿಬಿಟ್ಟು ಮೇಲಕ್ಕೆ ತನ್ನಿ, ಆಗ ಹನಿ ನೀರು ಸ್ವಿಚ್‌ಗೆ ಹರಿಯುವುದಿಲ್ಲ.

ನೀರು ಆರಿದಾಗ ಉಪ್ಪು ಆರುವುದಿಲ್ಲ, ಇದು ನೆನಪಿರಲಿ. ಟಬ್ಬಿನ ಹೊರಗೆ ಮಾರ್ಕರ್‌ನಲ್ಲಿ ಗೆರೆ ಎಳೆದು, ಕಡಿಮೆಯಾದಷ್ಟು ಆರ್‌ಓ ಸಿಹಿನೀರನ್ನೇ ದಿನಾ ಸೇರಿಸಿ. ಮುಖ್ಯ ತೊಟ್ಟಿಗೆ ಹೊಸ ನೀರು ಮಾಡುವಾಗ ಲೀಟರಿಗೆ ಸುಮಾರು 35 ಗ್ರಾಂ ಅಕ್ವೇರಿಯಂ ಉಪ್ಪು. ಅಡುಗೆ ಉಪ್ಪು ಬೇಡವೇ ಬೇಡ.

ಪಾಚಿ ಎರಡರಷ್ಟಾದ ಮೇಲೆ ಅರ್ಧ ಕಿತ್ತು, ಉಳಿದದ್ದನ್ನು ಮೊಸರಿಗೆ ಹೆಪ್ಪು ಉಳಿಸಿದ ಹಾಗೆ ಬಿಡಿ. ಕಿತ್ತದ್ದನ್ನು ಕಲ್ಲಿಗೆ ರಬ್ಬರ್ ಬ್ಯಾಂಡ್‌ನಿಂದ ಕಟ್ಟಿ ಮೀನಿಗೆ ಕೊಡಿ. ಸಂಜೆಯೊಳಗೆ ತಿನ್ನದೆ ಉಳಿದದ್ದನ್ನು ತೆಗೆದುಬಿಡಿ, ಕೊಳೆತರೆ ನೀರೇ ಕೆಡುತ್ತೆ. ಒಂದು ಸಲ ವಾರಕ್ಕೆಂದು ತವರಿಗೆ ಹೋಗಿದ್ದೆ, ಬಲ್ಬು ಹಾಕುವವರಿಲ್ಲ. ಬಂದು ನೋಡಿದರೆ ಪಾಚಿಯೆಲ್ಲ ಬೆಳ್ಳಗೆ, ಟಬ್ ತುಂಬ ನಾತ. ಬೇರೆ ಟಬ್‌ನಲ್ಲಿದ್ದುದರಿಂದ ಮೀನುಗಳು ಉಳಿದವು. ಈಗ ಟೈಮರ್ ಹಾಕಿದ್ದೇನೆ.

ಮೊದಲ ಹಿಡಿ ಪಾಚಿಗೆ ಸಮುದ್ರದ ಮೀನು ಮಾರುವ ಅಂಗಡಿಯಲ್ಲೋ, ಅಕ್ವೇರಿಯಂ ಇಟ್ಟ ಗೆಳತಿಯಲ್ಲೋ ಕೇಳಿ. ಮಲ್ಪೆ, ಸೋಮೇಶ್ವರದ ಬಂಡೆಗಳಿಂದ ಕಿತ್ತು ತರುವ ಆಸೆ ಬೇಡ, ಅದರ ಜೊತೆ ಕೊಳಕು, ಏಡಿಮರಿ, ರೋಗ ಎಲ್ಲ ಬರುತ್ತೆ. ತಂದದ್ದನ್ನು ಕೆಲವು ದಿನ ಬೇರೆ ಬೋಗುಣಿಯಲ್ಲಿಟ್ಟು ನೋಡಿ. ಮೀನಿಗೆ ತಾಮ್ರದ ಔಷಧಿ ಹಾಕಿದ ನೀರು ಮಾತ್ರ ಪಾಚಿಗೆ ಸೋಕಬಾರದು.

ಅಂದ ಹಾಗೆ, ಸಿನಿಮಾದ ಆ ನೀಲಿ ಡೋರಿ ಮೀನು 30 ಸೆಂಟಿಮೀಟರ್‌ವರೆಗೂ ಬೆಳೆಯುತ್ತೆ. ನೂರು ಲೀಟರಿನ ತೊಟ್ಟಿಗೆ ಅದನ್ನು ತರಲೇಬೇಡಿ, ಮಕ್ಕಳು ಎಷ್ಟೇ ಅತ್ತರೂ. ನೀಮೊ ಜಾತಿಯ ಪುಟ್ಟ ಮೀನು ಸಾಕು.

ಹೆಚ್ಚಾದ ಪಾಚಿಯನ್ನು ನಲ್ಲಿ ನೀರಲ್ಲಿ ಚೆನ್ನಾಗಿ ತೊಳೆದು ಗೊಬ್ಬರದ ಗುಂಡಿಗೆ ಹಾಕಿ. ಉಪ್ಪುನೀರನ್ನು ತುಳಸಿಗೆ ಹಾಕಬೇಡಿ, ಒಣಗಿಹೋಗುತ್ತೆ. ರಜೆಗೆ ಮಂಗಳೂರಿಗೆ ಹೋಗುವಾಗ ಸಮುದ್ರಕ್ಕಂತೂ ಬಿಡಲೇಬೇಡಿ. 1984ರಲ್ಲಿ ಮೊನಾಕೊದ ಕಡಲಲ್ಲಿ ಕಂಡ ಕೌಲರ್ಪಾ ಎಂಬ ಅಕ್ವೇರಿಯಂ ಪಾಚಿ, ಮುಂದೆ ಮೆಡಿಟರೇನಿಯನ್ ಸಮುದ್ರದ ತಳದಲ್ಲಿ ಎಕರೆಗಟ್ಟಲೆ ಹಬ್ಬಿಬಿಟ್ಟಿತು.